ಎಂಟು ನಿಮಿಷ ಹಳೆಯ ಅಂಕಿ

ಜಪಾನಿನ ಹಿರೊಸಾಕಿ ಊರಿನಲ್ಲಿ ಬೆಳಗಿನ ಐದು ಗಂಟೆ. ಹೃದ್ರೋಗಿಗಳ ತೀವ್ರ ನಿಗಾ ಘಟಕದಲ್ಲಿ ಮಿಕಾಮಿ ತೊಮೊಎ ಮೂರನೇ ಹಾಸಿಗೆಯ ಪಕ್ಕ ಮಂಡಿಯೂರಿ, ಬಡಗಿಗಳ ರಸಮಟ್ಟವನ್ನು ರೋಗಿಯ ಹೃದಯದ ನೇರಕ್ಕೆ ಹಿಡಿದಿದ್ದಾರೆ.

"ಏನ್ರೀ ಮಿಕಾಮಿ ಸಾನ್, ಗೋಡೆ ಕಟ್ತಿದೀರಾ?" ಎಂದು ಕ್ಷೀಣ ದನಿಯಲ್ಲಿ ಕೇಳುತ್ತಾರೆ ಸೇಬು ಬೆಳೆಗಾರ ಸಾಸಾಮೊರಿ. ಅವರ ಹೃದಯದ ಕವಾಟ ಬದಲಿಸಿ ಒಂದು ದಿನವಷ್ಟೇ ಆಗಿದೆ.

"ಅಲುಗಾಡಬೇಡಿ ಅಜ್ಜಾ. ಗೋಡೆ ಇಷ್ಟು ಮಾತಾಡಲ್ಲ."

ಐವತ್ತೆರಡರ ಮಿಕಾಮಿ ವೈದ್ಯೆಯಲ್ಲ, ದಾದಿಯೂ ಅಲ್ಲ. ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞೆ. ಸಾಸಾಮೊರಿಯವರ ಕುತ್ತಿಗೆಯ ರಕ್ತನಾಳದಿಂದ ಹೊರಟು, ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ಧಮನಿ ತಲುಪಿರುವ ತೆಳು ನಳಿಕೆ ಅವರ ಹೊಣೆ. ಅದಕ್ಕೆ ಸುತ್ತಿದ ತಂತಿ ರಕ್ತವನ್ನು ಆಗಾಗ ತುಸುವೇ ಬೆಚ್ಚಗಾಗಿಸುತ್ತದೆ. ತುದಿಯ ಸಂವೇದಕ ಆ ಬಿಸುಪನ್ನು ಅಳೆಯುತ್ತದೆ. ಹೃದಯ ನಿಮಿಷಕ್ಕೆ ಎಷ್ಟು ಲೀಟರ್ ರಕ್ತ ದೂಡುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಪರದೆಯ ಅಂಕಿ ಈ ಕ್ಷಣದ್ದಲ್ಲ, ಕಳೆದ ಹಲವು ನಿಮಿಷಗಳ ಸರಾಸರಿ.

ಆ ಅಂಕಿ ಈಗ 4.2ರಿಂದ 2.8ಕ್ಕೆ ಇಳಿದಿದೆ.

ಯುವ ವೈದ್ಯ ಶಿರಾತೊ ಓಡಿಬಂದು ದನಿ ತಗ್ಗಿಸುತ್ತಾರೆ. "ಹೃದಯದ ಸುತ್ತ ರಕ್ತ ಕಟ್ಟಿದೆ ಅನ್ಸುತ್ತೆ. ಎದೆ ಮತ್ತೆ ತೆರೀಬೇಕು."

ಮಿಕಾಮಿ ರೋಗಿಯ ಪಾದ ಮುಟ್ಟುತ್ತಾರೆ: ಬೆಚ್ಚಗಿದೆ. ರಕ್ತದೊತ್ತಡ ಕದಲಿಲ್ಲ. ಮೇಲೆ ತೂಗುತ್ತಿರುವ ರಕ್ತದ ಚೀಲ ಮಾತ್ರ ಮಂಜಿನಷ್ಟು ತಣ್ಣಗಿದೆ.

"ಡಾಕ್ಟ್ರೇ, ಇದು ಫ್ರಿಜ್ಜಿಂದ ನೇರ ಬಂದಿದೆ, ಬಿರುಸಾಗಿ ಹೋಗ್ತಿದೆ. ಯಂತ್ರಕ್ಕೆ ಬಿಸಿ ತಂಪಿನ ಲೆಕ್ಕ ತಪ್ಪಿದೆ. ನಿಲ್ಲಿಸಿ. ಎಂಟು ನಿಮಿಷ ಕಾಯೋಣ."

"ನೀವು ಹೇಳಿದ್ದು ತಪ್ಪಾದ್ರೆ?"

"ಅಷ್ಟರಲ್ಲಿ ನೀವು ಎದೆ ಸ್ಕ್ಯಾನ್ ಮಾಡಿ. ಆಪರೇಷನ್ ಕೊಠಡಿ ನಾನೇ ಸಿದ್ಧ ಮಾಡಿಸ್ತೀನಿ. ಆದ್ರೆ ಹಳೇ ಅಂಕಿ ನಂಬಿ ಕತ್ತಿ ಹಿಡೀಬೇಡಿ."

ಈ ಹಟಕ್ಕೊಂದು ಹಿನ್ನೆಲೆಯಿದೆ. ಕೆಲಸಕ್ಕೆ ಸೇರಿದ ವರ್ಷ, ಹಾಸಿಗೆ ಎತ್ತರಿಸಿದ ಮೇಲೆ ಒತ್ತಡ ಅಳೆಯುವ ಸಂವೇದಕವನ್ನು ಹೃದಯದ ಮಟ್ಟಕ್ಕೆ ತರದೆ, ಸುಳ್ಳು ಒತ್ತಡವನ್ನು ನಿಜವೆಂದು ಅವರು ಬರೆದಿದ್ದರು. ಆ ರೋಗಿ ಬದುಕಿದರು. ಮನೆ ಸೇರಿದ್ದು ಮೂರು ವಾರ ತಡವಾಗಿ. ಅಂದಿನಿಂದ ಬಡಗಿ ತಂದೆಯ ರಸಮಟ್ಟ ಮಿಕಾಮಿಯವರ ಜೇಬಿನಲ್ಲಿದೆ. ಹದಿನಾಲ್ಕು ಹಾಸಿಗೆಗಳು, ದಿನಕ್ಕೆ ನಲವತ್ತು ಬಾರಿ ಮಂಡಿಯೂರುವುದು, ಇಪ್ಪತ್ತೇಳು ವರ್ಷ. ಮಂಡಿಗಳೆರಡೂ ಸವೆದಿವೆ.

ಶಿರಾತೊ ರಕ್ತದ ಹರಿವು ನಿಲ್ಲಿಸುತ್ತಾರೆ. ಆಪರೇಷನ್ ಕೊಠಡಿಗೆ ಹೇಳಿಕಳಿಸಿ ಮಿಕಾಮಿ ಮತ್ತೆ ಮಂಡಿಯೂರುತ್ತಾರೆ. ಸ್ಕ್ಯಾನ್‌ನಲ್ಲಿ ರಕ್ತ ಕಟ್ಟಿದ ಗುರುತಿಲ್ಲ. ಆರನೇ ನಿಮಿಷಕ್ಕೆ 3.1. ಒಂಬತ್ತನೆಯದಕ್ಕೆ 3.9.

"ನನ್ನ ಕಾಲು ನಡುಗ್ತಿತ್ತು, ಮಿಕಾಮಿ ಸಾನ್," ಎನ್ನುತ್ತಾರೆ ಶಿರಾತೊ, ತಲೆಬಾಗಿ.

"ನಂದೂ, ಡಾಕ್ಟ್ರೇ. ಅದಕ್ಕೇ ಮಂಡಿಯೂರಿದ್ದು."

ಅಂಕಿ ಏರಿದ್ದು ಸಂತೋಷವೇ ಎಂದು ಶಿರಾತೊ ಕೇಳಿದರೆ ಮಿಕಾಮಿ ರಸಮಟ್ಟ ಒರೆಸುತ್ತಾ ಹೇಳುತ್ತಾರೆ: "ನಂಗೆ ಬೇಕಾಗಿರೋದು ಅಂಕಿ ಅಲ್ಲ. ನಾಳೆ ಆ ನಳಿಕೆ ಹೊರಗೆ ಬರ್ಬೇಕು. ಅಜ್ಜ ಎದ್ದು ಕೂತು, ಗಂಜಿಗೆ ಉಪ್ಪಿಲ್ಲ ಅಂತ ಬೈತಿರ್ಬೇಕು. ಅವರ ಪರದೆ ಖಾಲಿ ಇರ್ಬೇಕು."