ದಿಂಡಿಯ ಬ್ಯಾಟರಿಗೆ ಕಾವಲು ಕಟ್ಟಿದ ಫಿರದೋಸ

ಕೃಷ್ಣೆಯ ಕಡೆಯಿಂದ ಬೆಳಕು ಇನ್ನೂ ಪೂರ್ತಿ ಬಂದಿಲ್ಲ. ಅಂಕಲಿಯ ವಿಠ್ಠಲ ಮಂದಿರದ ಮುಂದೆ ನಿಂತ ಟ್ರಾಲಿಯ ಅಡಿಯಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಚೂಡಿದಾರದ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ ತೊಟ್ಟ ಫಿರದೋಸ ಮುಲ್ಲಾ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಸಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ತುಂಡಾದ ವೈರಿನ ತುದಿ ಹುಡುಕುತ್ತಿದ್ದಾರೆ. ಒಳಗೆ ನಸುಕಿನ ಕಾಕಡ ಆರತಿ ನಡೆದಿದೆ. ತಾಳದ ಸದ್ದು ನಿಂತಾಗೊಮ್ಮೆ ಇಕ್ಕಳದ ಸದ್ದು ಕೇಳುತ್ತದೆ.

"ಕಳ್ಳ ಬಿಚ್ಚಿಕೊಂಡು ಹೋಗಿಲ್ರಿ, ಕೊಯ್ಕೊಂಡು ಹೋಗ್ಯಾನ," ಎನ್ನುತ್ತಾ ಹೊರಗೆ ಬರುತ್ತಾರೆ. "ಬಿಚ್ಚಿದ್ರ ವೈರರೇ ಉಳೀತಿತ್ತು. ಕಳ್ಳಗೂ ಒಂಚೂರು ಕೆಲಸ ಬರಬೇಕ ನೋಡ್ರಿ."

ಇದು ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯ ಟ್ರಾಲಿ. ಮೇಲೆ ತಾಡಪತ್ರಿಯ ಚಾವಣಿ, ಒಳಗೆ ಮಲಗಲು ಹಲಗೆ. ಭಜನೆಯವರು ಮುಂದೆ ನಡೆಯುತ್ತಾರೆ. ಪಾತ್ರೆ, ಹಾಸಿಗೆ, ನಡೆಯಲಾಗದ ಹಿರಿಯರು ಟ್ರ್ಯಾಕ್ಟರಿನ ಹಿಂದೆ ಇದರಲ್ಲಿ ಬರುತ್ತಾರೆ. ಹೊರಡುವುದು ನಾಳೆ. ಮೊನ್ನೆ ಇದರ ಬ್ಯಾಟರಿ ಕಳುವಾಗಿದೆ.

ಬ್ಯಾಟರಿಯ ದೀಪವಿಲ್ಲದೆಯೂ ದಿಂಡಿ ನಡೆದೀತು. ಆದರೆ ತಾರವ್ವ ಹೋಗಲಾರರು. ಪುಸ್ತಕ ನೋಡದೆ ಅಭಂಗ ಹೇಳುವ ಈ ಅಜ್ಜಿಗೆ ದಮ್ಮಿನ ಬೇನೆ. ಮಲಗುವ ಮುಂಚೆ ಔಷಧಿಯ ಹಬೆ ಕೊಡುವ ಯಂತ್ರ ಹಚ್ಚದಿದ್ದರೆ ಉಸಿರು ಹಿಡಿಯುತ್ತದೆ. ದಾರಿಯಲ್ಲಿ ಅದು ಓಡುವುದು ಈ ಬ್ಯಾಟರಿಯಿಂದಲೇ. ಹೊಸ ಬ್ಯಾಟರಿಯೇನೋ ಬಂದಿದೆ. "ಅದೂ ನಡುದಾರ್ಯಾಗ ಹ್ವಾದ್ರ? ಭದ್ರ ಆಗೂತನ ನಮ್ಮವ್ವನ್ನ ಕಳಸಾವಲ್ಲ ನಾನು," ಎಂದು ಮಗ ಹಾಲೇಶ ಪಟ್ಟು ಹಿಡಿದಿದ್ದಾರೆ. ಈ ಸಲ ತಪ್ಪಿದರೆ ಮುಂದಿನ ಆಷಾಢಕ್ಕೆ ತಾನು ಇರುತ್ತೇನೋ ಇಲ್ಲವೋ ಎಂಬುದು ತಾರವ್ವನ ಚಿಂತೆ.

ಫಿರದೋಸ ಗಾಡಿಗಳ ಬ್ಯಾಟರಿ, ವೈರಿಂಗಿನ ಈ ಕೆಲಸ ಕಲಿತದ್ದು ಅಪ್ಪ ಬಂದಗಿಸಾಬರಿಂದ. ಮದುವೆಯಾಗಿ ರಾಯಬಾಗಕ್ಕೆ ಹೋದವರು, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದರು. ಅಷ್ಟರಲ್ಲಿ ಅಪ್ಪನ ಕಣ್ಣು ಮಂಜಾಗಿತ್ತು. ಮೊದಮೊದಲು ಟ್ರ್ಯಾಕ್ಟರಿನವರು ಅಂಗಡಿಗೆ ಬಂದು, ಇವರನ್ನು ನೋಡಿ, "ಸಾಬರಿಲ್ಲೇನು?" ಎಂದು ಹಾಗೇ ತಿರುಗುತ್ತಿದ್ದರು. "ಅದಾರ್ರಿ, ಕುರ್ಚಿ ಮ್ಯಾಲ ಕುಂತಾರ. ಆದ್ರ ನಿಮ್ಮ ಗಾಡಿ ನಾನ ನೋಡಾಕಿ," ಎಂದು ಫಿರದೋಸ ಹೇಳುತ್ತಿದ್ದರಂತೆ. ಈಗ ಕಬ್ಬಿನ ಹಂಗಾಮು ಬಂತೆಂದರೆ ಊಟದ ಹೊತ್ತಿಗೇ ಏಳೆಂಟು ಟ್ರ್ಯಾಕ್ಟರು ಅವರ ಕೈಯಲ್ಲಿ ರಿಪೇರಿಯಾಗಿ ಹೋಗಿರುತ್ತವೆ. ಬಂದಗಿಸಾಬ ಸ್ಟಾರ್ಟರಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆ. "ಹತ್ತಕ್ಕ ಒಮ್ಮೆ ತಪ್ಪತಾರ," ಮಗಳು ನಗುತ್ತಾರೆ. "ಅವತ್ತ ಚಾ ಅವರ ಕುಡಸಬೇಕು."

ಟ್ರಾಲಿಯ ಹಳೆಯ ಫ್ಯೂಸಿನ ಜಾಗ ತೆರೆದ ಕೂಡಲೇ ಫಿರದೋಸರ ಹುಬ್ಬು ಮೇಲೇರುತ್ತದೆ. ಫ್ಯೂಸಿನ ಬದಲು ಯಾರೋ ಬೆಳ್ಳಿ ಕಾಗದ ಸುತ್ತಿ ತುರುಕಿದ್ದಾರೆ.

"ಕಾಕಾ, ಮಾಳಿ ಹಾಕಿದವರ ಗಾಡ್ಯಾಗ ಸಿಗರೇಟಿನ ಕಾಗದ ಹೆಂಗ ಬಂತ್ರಿ?"

ದಿಂಡಿಯ ಹಿರಿಯ ಭೀಮಗೊಂಡರು ಕೊರಳ ತುಳಸಿಮಣಿ ಮುಟ್ಟಿಕೊಂಡು, "ಡ್ರೈವರಂದ ಇರಬೇಕ ಬೇ," ಎಂದು ಬೇರೆ ಕಡೆ ನೋಡುತ್ತಾರೆ.

ಅವರಿಗೆ ಇನ್ನೊಂದು ಸಂಕಟವಿದೆ. ಇಷ್ಟು ವರ್ಷ ಬ್ಯಾಟರಿಯ ಪೆಟ್ಟಿಗೆ ಟ್ರಾಲಿಯ ಮುಂದೆ, ಹೊರಗೇ ಇತ್ತು. ಅದಕ್ಕೆ ಕುಂಕುಮ ಹಚ್ಚಿ ಕೆಂಪು ದಾರ ಕಟ್ಟುತ್ತಿದ್ದರೇ ಹೊರತು ಬೀಗ ಹಾಕಿದವರಲ್ಲ. "ದೇವರ ಗಾಡಿಗೆ ಕೀಲಿ ಹಾಕಿದ್ರ ದೇವರ ಮ್ಯಾಲ ನಂಬಿಕಿ ಇಲ್ಲಂದಂಗ ಆತಲ್ಲ?"

"ವಿಠ್ಠಲ ಮಂದಿನ್ನ ಕಾಯ್ತಾನ ಕಾಕಾ. ಬ್ಯಾಟರಿ ಕಾಯಾಕೂ ಅವನ್ನ ಹಚ್ಚತೀರೇನು?"

ಭೀಮಗೊಂಡರು ನಕ್ಕುಬಿಡುತ್ತಾರೆ. ಕೀಲಿ ಹಾಕುವುದೇ ಆದರೆ ಪೆಟ್ಟಿಗೆ ತಾರವ್ವನ ಹಲಗೆಯ ಕೆಳಗಿರಲಿ, ಅಜ್ಜಿ ಮಲಗಿದ್ದರೆ ಯಾವ ಕಳ್ಳ ಬಂದಾನು ಎಂಬುದು ಅವರ ಸಲಹೆ. ಫಿರದೋಸ ಒಪ್ಪುವುದಿಲ್ಲ. "ಚಾರ್ಜ್ ಆಗುವಾಗ ಬ್ಯಾಟರಿ ಗ್ಯಾಸ್ ಬಿಡತೈತ್ರಿ. ದಮ್ಮಿದ್ದವರ ತಲಿ ಕೆಳಗ ಇಡೂದಲ್ಲ." ಕಬ್ಬಿಣದ ಪೆಟ್ಟಿಗೆ ಹಿಂದಿನ ಮೂಲೆ ಸೇರುತ್ತದೆ. ಗ್ಯಾಸಿಗೆ ಹೊರಗೊಂದು ಕೊಳವೆ, ಬ್ಯಾಟರಿಯ ಪಕ್ಕದಲ್ಲೇ ಹೊಸ ಫ್ಯೂಸ್, ದಪ್ಪ ವೈರು, ನೆಲದ ತಗಡು ತೂರಿ ಹೋದ ಬೋಲ್ಟುಗಳಿಗೆ ಅಡಿಯಿಂದ ವೆಲ್ಡಿಂಗ್. ಮುಚ್ಚಳಕ್ಕೆ ಬೀಗ. "ಕಳ್ಳಗ ತ್ರಾಸ ಆಗಬೇಕು, ಬ್ಯಾಟರಿಗೆ ನೀರು ಹಾಕಾವಗ ಹಗರ ಆಗಬೇಕು. ಅದ ಹಿಕಮತ್ತು."

ಆಮೇಲೆ ಈ ಊರಿನವರಿಗೆಲ್ಲ ಗೊತ್ತಿರುವ ಅವರ ಪದ್ಧತಿ. ಕೆಲಸ ಮುಗಿದ ಮೇಲೆ ತಮ್ಮ ಪಾನಾ, ಸುತ್ತಿಗೆಗಳನ್ನು ಗಾಡಿಯವರ ಕೈಗೇ ಕೊಟ್ಟುಬಿಡುತ್ತಾರೆ.

"ಈಗ ನೀವ ಕಳ್ಳರಾಗಿ ತುಡುಗು ಮಾಡ್ರಿ ನೋಡೂಣು."

ಮಂದಿರದಿಂದ ಹೊರಬಂದವರು ಸುತ್ತ ನಿಲ್ಲುತ್ತಾರೆ. ತಲೆಗೆ ಬಿಳಿ ಪಟಗಾ ಸುತ್ತಿದ ಭೀಮಗೊಂಡರು ಧೋತರದ ಕಚ್ಚೆ ಬಿಗಿದು ಟ್ರಾಲಿ ಹತ್ತುತ್ತಾರೆ. ಬೀಗ ಜಗ್ಗುತ್ತಾರೆ, ಅದು ಜಗ್ಗುವುದಿಲ್ಲ. "ಮಾಲಕಾ, ಮೊದಲ ಕೈಗೆ ಎಣ್ಣಿ ಹಚಗೋರಿ!" ಎಂದು ಯಾರೋ ಕೂಗುತ್ತಾರೆ. ಭೀಮಗೊಂಡರು ಪೆಟ್ಟಿಗೆಯ ಹಿಂದೆ ಬಗ್ಗಿ, ಮುಚ್ಚಳ ಹಿಡಿದ ಬಿಜಾಗರಿಯ ಕಡ್ಡಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತಾರೆ. ಕಡ್ಡಿ ಜಾರುತ್ತದೆ. ಬೀಗ ಇದ್ದಲ್ಲೇ ಇದೆ, ಮುಚ್ಚಳ ಹಿಂದಿನಿಂದ ಎದ್ದು ಬರುತ್ತದೆ. ಹಾಲೇಶರ ಮುಖ ಬಾಡುತ್ತದೆ.

ಫಿರದೋಸ ಹಣೆ ಬಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. "ಭಲೇ ಕಾಕಾ! ಮುಂದಿಂದ ಅಷ್ಟ ನೋಡಿದ್ನಿ, ಹಿಂದಿಂದು ಮರ್ತ ಬಿಟ್ನಿ. ಮೊದಲ ಏನ ಕೆಲಸ ಮಾಡ್ತಿದ್ರಿ?" ಬ್ಯಾಟರಿ ಇಳಿಸಿ ದೂರವಿಟ್ಟು, ಎರಡೂ ಕಡ್ಡಿಗಳ ತುದಿಗೆ ವೆಲ್ಡಿಂಗ್ ಹೊಡೆದು, ಮತ್ತೆ ಸುತ್ತಿಗೆ ಕೊಡುತ್ತಾರೆ. ಭೀಮಗೊಂಡರು ಬಡಿಯುತ್ತಾರೆ, ಹಾಲೇಶರು ಬಡಿಯುತ್ತಾರೆ, ಬೆವರು ಒರೆಸಿಕೊಂಡು ಇಬ್ಬರೂ ಕೆಳಗಿಳಿಯುತ್ತಾರೆ.

ತಾರವ್ವ ಹಲಗೆಯ ಮೇಲೆ ಕುಳಿತು ಯಂತ್ರದ ಗುಂಡಿ ಒತ್ತುತ್ತಾರೆ. ಗುಂಯ್ ಎಂದು ಅದು ಶುರುವಾಗುತ್ತದೆ. ಹಾಲೇಶರು ಆ ಸದ್ದನ್ನು ಒಂದಷ್ಟು ಹೊತ್ತು ಕೇಳಿ, "ಹೋಗಿ ಬಾ ಅವ್ವಾ," ಎನ್ನುತ್ತಾರೆ.

ಅಜ್ಜಿ ಫಿರದೋಸರ ಮಸಿ ಹತ್ತಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಾರೆ. "ಮಗಳ, ಈ ಪೆಟ್ಟಿಗಿ ಮ್ಯಾಲ ದೊಡ್ಡದಾಗಿ ನಿನ್ನ ಹೆಸರ ಬರಸ್ತೀನಿ. ದಾರಿ ತುಂಬ ಮಂದಿ ಓದಲಿ."

"ಬ್ಯಾಡ ಆಯಿ," ಫಿರದೋಸ ಪೆಟ್ಟಿಗೆಯ ಮೇಲೆ ಹಳೆಯ ಕೌದಿಯೊಂದನ್ನು ಎಳೆಯುತ್ತಾರೆ. "ಹೆಸರ ಕಂಡ್ರ ಒಳಗ ಏನೋ ಐತಿ ಅಂತ ಕಳ್ಳಗ ತಿಳೀತೈತಿ. ಕಾಣಲಾರದಂಗ ಇರಲಿ. ನೀ ಮುಂಜಾನೆ ಎದ್ದು ಹಾಡಿದ್ರ ಸಾಕು, ನನ್ನ ಕೆಲಸ ನಡದೈತಿ ಅಂತ ಮಂದಿಗೆ ಗೊತ್ತಾಗತೈತಿ."