ಹೂವಪ್ಪನ ಶಿವದಾರ

ನನ್ನ ತಂಗಿ ಶಾರವ್ವನ ಮಗ ಹೂವಪ್ಪ ಚಿಕ್ಕೇರೂರಿನಲ್ಲಿ ಜೆಸಿಬಿ ಓಡಿಸುತ್ತಿದ್ದ. ಅದೇ ಕೆಲಸ ಹುಡುಕಿಕೊಂಡು ಕೊಲ್ಲಿ ದೇಶಕ್ಕೆ ಹೋದ. ಏಜೆಂಟ ಮಾಡಿಸಿಕೊಟ್ಟದ್ದು ನೋಡಿಬರುವ ವೀಸಾ, ದುಡಿಯುವ ವೀಸಾ ಅಲ್ಲ. ಇಂಗ್ಲಿಷು ಬಾರದವನಿಗೆ ಅದು ತಿಳಿಯಲಿಲ್ಲ. ಎಂಟು ತಿಂಗಳಿಗೆ ಪೊಲೀಸರು ಹಿಡಿದರು. ಊರಿಗೆ ಕಳಿಸುವವರೆಗೆ ಇಲ್ಲಿರು ಎಂದು ಒಂದು ಕಟ್ಟಡದಲ್ಲಿ ಕೂಡಿಹಾಕಿದರು.

ಬಾಗಿಲಲ್ಲೇ ಬೆಲ್ಟು, ಬೂಟಿನ ಲಾಡಿ, ಉಡದಾರ ತೆಗೆಸಿದರು. ಆಮೇಲೆ ಶಿವದಾರದಲ್ಲಿ ಕಟ್ಟಿದ ಕೊರಳ ಲಿಂಗ. ದಾರವಿದ್ದದ್ದು ಯಾವುದೂ ಒಳಗೆ ಹೋಗುವಂತಿಲ್ಲ. ಹಿಂದೆ ಯಾರೋ ಒಬ್ಬ ಒಳಗೆ ಉರುಲು ಹಾಕಿಕೊಂಡಿದ್ದನಂತೆ. ಜೀವ ಕಾಯಲು ಮಾಡಿದ ಕಾಯಿದೆ. ಹೂವಪ್ಪ ತಕರಾರು ಮಾಡದೆ ಬಿಚ್ಚಿಕೊಟ್ಟ. ನಂಬರು ಬರೆದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು.

ಲಿಂಗಪೂಜೆಯಾಗದೆ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಅವನೂ ಎತ್ತಲಿಲ್ಲ. ತಾಟು ಬಂದ ಹಾಗೇ ಹೋಯಿತು. ಅವನಿಗೆ ಸಿಟ್ಟಿರಲಿಲ್ಲ, ಹಟವಿರಲಿಲ್ಲ. ಅಲ್ಲಿಯವರು ಮಾತ್ರ ಇವನು ಉಪವಾಸ ಕುಂತು ಜಗಳ ಹೂಡಿದ್ದಾನೆಂದು ಬರೆದುಕೊಂಡರು.

ಹೂವಪ್ಪನ ಕೋಣೆಯಲ್ಲೇ ಸವಣೂರಿನ ಶಹಾಬುದ್ದೀನ ಇದ್ದ.

“ಲೇ ಹೂವಪ್ಪ, ಉಣ್ಣೊ. ಸತ್ತಿ ಅಂದ್ರ ಹೊರಾಕ ನಾಲ್ಕು ಮಂದಿ ಬೇಕು. ನಿನ್ನ ಮಂದಿ ಅಂತ ಇಲ್ಲಿ ನಾ ಒಬ್ಬನ ಅದೇನಿ.”

“ಲಿಂಗ ಇಲ್ದ ಹೆಂಗ ಉಣ್ಲೊ?”

“ಹಂಗಾರ ನೀರರ ಕುಡಿ, ದೋಸ್ತ.”

ಮೂರನೆಯ ದಿನ, ಇವನೂ ಜೀವ ಕಳಕೊಂಡಾನೆಂದು, ಹೂವಪ್ಪನನ್ನು ಒಂಟಿ ಕೋಣೆಗೆ ಒಯ್ದರು. ಹರಿಯಲು ಬಾರದ ದಪ್ಪ ಅಂಗಿ ತೊಡಿಸಿದರು. ದೀಪ ಆರಿಸುತ್ತಿರಲಿಲ್ಲ. ಕಾಲು ತಾಸಿಗೊಮ್ಮೆ ಬಾಗಿಲ ಗಾಜಿನಲ್ಲಿ ಒಂದು ಮುಖ ಬಂದು ನೋಡಿ ಹೋಗುತ್ತಿತ್ತು. ಯಾರೂ ಹೊಡೆಯಲಿಲ್ಲ.

“ಯಾರರ ಬೈದಿದ್ರ ಛಲೋ ಇತ್ತು, ದೊಡ್ಡವ್ವ,” ಎಂದು ಊರಿಗೆ ಬಂದ ಮೇಲೆ ನನಗೆ ಹೇಳಿದ.

ಶಹಾಬುದ್ದೀನ ಅಲ್ಲಿಯ ನರ್ಸಿಗೆ ಲಿಂಗದ ವಿಷಯ ಹಿಂದಿಯಲ್ಲಿ ಬಿಡಿಸಿ ಹೇಳಿದನಂತೆ. ಐದನೆಯ ದಿನ ಕಾವಲಿನವನು ಲಿಂಗವಿದ್ದ ಚೀಲ ತಂದ. ಕೈಗೆ ಕೊಡಲು ಕಾಯಿದೆ ಇಲ್ಲ. ಗಾಜಿನ ಆಚೆ ಎತ್ತಿ ಹಿಡಿದ. ಹೂವಪ್ಪ ಈಚೆ ನಿಂತು ಎಡ ಅಂಗೈ ಚಾಚಿದ. ಲಿಂಗ ಅಲ್ಲಿತ್ತು, ಅಂಗೈ ಬರಿದಿತ್ತು. ಅಷ್ಟನ್ನೇ ಪೂಜೆ ಎಂದುಕೊಂಡು ಅನ್ನ ಉಂಡ. ರುಚಿ ಹತ್ತಲಿಲ್ಲವಂತೆ. ಹೀಗೇ ದಿನಕ್ಕೊಮ್ಮೆ, ಊರಿಗೆ ಕಳಿಸುವವರೆಗೆ.

ಮನೆಗೆ ಬಂದ ದಿನ ಶಾರವ್ವ ನೀರು ಕಾಸಿ ಹಾಕಿದಳು. ಬರುವಾಗ ಅವರು ಕೊಟ್ಟು ಕಳಿಸಿದ ಚೀಲ ಹರಿದು ಲಿಂಗವನ್ನು ಅವನ ಮುಂದಿಟ್ಟಳು.

“ಕಟ್ಟಿಕೊಳ್ಳೊ ನನ್ನಪ್ಪ. ರೊಟ್ಟಿ ಆರಾಕತ್ತಾವು.”

ಶಿವದಾರವನ್ನು ಕೊರಳವರೆಗೆ ಒಯ್ದ. ಕೈ ಅಲ್ಲೇ ನಿಂತಿತು. ಮತ್ತೆ ಕೆಳಗಿಟ್ಟ. ಮೂರು ಸಲ ಹೀಗಾಯಿತು.

“ದೊಡ್ಡವ್ವ, ದಾರ ಇಲ್ದ ಬರೇ ಕೈಯಾಗ ಹಿಡಕೊಂಡ್ರ ನಡಿತೈತೇನ?”

ನಮ್ಮಲ್ಲಿ ಅದು ನಡೆಯುವುದಿಲ್ಲ. ಮೈಮೇಲಿಂದ ಲಿಂಗ ಅಗಲಬಾರದು. ಶಾರವ್ವ ನನ್ನ ಮುಖ ನೋಡಿದಳು.

“ನಡಿತೈತಿ,” ಎಂದೆ. “ಪೂಜಿ ಮಾಡಿ ಉಣ್ಣು.”

ಶಾರವ್ವ ದಾರವನ್ನು ಬಿಚ್ಚಿ ಒಳಗಿಟ್ಟು ಬಂದಳು. ಅವನು ಲಿಂಗವನ್ನು ಅಂಗೈಯಲ್ಲಿಟ್ಟು ವಿಭೂತಿ ಹಚ್ಚಿದ. ಎರಡು ರೊಟ್ಟಿ ಉಂಡ.

“ಇನ್ನೊಂದು ಹಾಕ್ಲೇನೊ?” ಶಾರವ್ವ ಕೇಳಿದಳು.

“ಹಾಕಿದ್ರ ಹಾಕು,” ಎಂದ.