ಹಿಡಿ, ಎಳಿ, ಬಾ

ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಸೇರಿ ಬೆಡ್‌ಶೀಟು ಮಡಚುತ್ತಿದ್ದಾಗ ಕೆಲಸಕ್ಕೆ ಬೇಕಾಗುತ್ತಿದ್ದುದು ಮೂರೇ ಮಾತು: ಹಿಡಿ, ಎಳಿ, ಬಾ. ‘ಬಾ’ ಎಂದಾಗ ಇಬ್ಬರೂ ಎದುರುಬದುರಾಗಿ ನಡೆದು ಅಂಚಿಗೆ ಅಂಚು ಕೂಡಿಸುತ್ತಿದ್ದರು. ಮೇಲ್ವಿಚಾರಕನ ಕಣ್ಣು ತಪ್ಪಿಸಿ ಒಂದು ಗಾಳಿಸುದ್ದಿಯೂ ಅಲ್ಲೇ ಕೈ ಬದಲಾಯಿಸುತ್ತಿತ್ತು. ಆಮೇಲೆ ಮಡಚುವ ಯಂತ್ರ ಬಂತು, ಅತ್ತಿಗೆ ಕೆಲಸ ಬಿಟ್ಟು ದೂರದ ಮಗಳ ಮನೆ ಸೇರಿದಳು. ಯಂತ್ರ ಚೆನ್ನಾಗಿಯೇ ಮಡಚುತ್ತದೆ, ಆದರೆ ತುಟಿಪಿಟಕ್ಕೆನ್ನುವುದಿಲ್ಲ.

ಭಾನುವಾರ ನಾದಿನಿ ಮನೆಯ ಬೆಡ್‌ಶೀಟಿನ ಒಂದು ತುದಿಯನ್ನು ಗಂಡನ ಕೈಗಿತ್ತಳು.

“ಹಿಡೀರಿ. ಎಳೀರಿ. ಈಗ ಬನ್ನಿ.”

ಗಂಡ ಶಿಸ್ತಾಗಿ ಬಂದು ತುದಿ ಒಪ್ಪಿಸಿ ಹೊರಟೇಬಿಟ್ಟ.

“ಅಷ್ಟೇನಾ? ಏನೂ ಹೇಳಲ್ವಾ?”

“ಮಡಚಿದ್ದಾಯ್ತಲ್ಲೇ, ಇನ್ನೇನ್ ಹೇಳ್ಲಿ?”

“ಎದುರುಮನೆ ಸುದ್ದಿನಾದ್ರೂ ಹೇಳಿ,” ಎನ್ನುತ್ತ ಅವಳು ಮಡಚಿದ್ದನ್ನು ಮತ್ತೆ ಕೊಡವಿ ಬಿಡಿಸಿದಳು. “ಹಿಡೀರಿ.”